ಅಡಿವೆಪ್ಪನಿಗೆ ವರ್ಷದ ಆಟಗಾರ ಪ್ರಶಸ್ತಿ

ಬಹಳ ಹಿಂದೆ, ಪ್ರಶಸ್ತಿಗೆ ತಾನೇ ಅರ್ಜಿ ಹಾಕಿಕೊಳ್ಳುವುದು ಇನ್ನೂ ನಾಚಿಕೆಯ ಕೆಲಸವಾಗಿದ್ದ ಕಾಲದಲ್ಲಿ, ಪಾರಿತೋಷಪುರ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಬಿರುದಾಂಕ ಭೂಪತಿ. ಅವನ ರಾಜ್ಯದಲ್ಲಿ ಎಲ್ಲವೂ ಇತ್ತು, ನದಿಯೊಂದು ಇರಲಿಲ್ಲ. ನದಿ ನೆರೆಯ ಮೇಲ್ಸೀಮೆಯಲ್ಲಿತ್ತು, ಅಣೆಕಟ್ಟೂ ಅಲ್ಲೇ ಇತ್ತು. ನೀರಿಗಾಗಿ ಯುದ್ಧ ಮಾಡಿ ಮಾಡಿ ಸುಸ್ತಾದ ಹಿಂದಿನ ರಾಜರು ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದರು. ಪ್ರತಿ ವರ್ಷ ಎರಡೂ ರಾಜ್ಯಗಳ ಕಾಲೇಜು ಹುಡುಗರು ಒಂದು ಫುಟ್‌ಬಾಲ್ ಪಂದ್ಯ ಆಡಬೇಕು, ಗೆದ್ದವರಿಗೆ ಬೇಸಿಗೆಯ ನೀರು. ಹೆಣ ಬೀಳದೆ ಮುಗಿಯುವ ವ್ಯವಹಾರವಾದ್ದರಿಂದ ಎಲ್ಲರಿಗೂ ಅದು ಹಿಡಿಸಿತ್ತು.

ರಾಜ್ಯದ ತಂಡವನ್ನು ಹಿಂದಿನ ರಾಜರು ಮೈದಾನದಲ್ಲಿ ಕೂತು, ಆಟ ನೋಡಿ ಆರಿಸುತ್ತಿದ್ದರು. ಬಿರುದಾಂಕ ಭೂಪತಿಗೆ ಬಿಸಿಲು ಆಗಿಬರುತ್ತಿರಲಿಲ್ಲ. ಆಟವೆಂದರೆ ಆಕಳಿಕೆ, ಸನ್ಮಾನ ಸಮಾರಂಭವೆಂದರೆ ಪ್ರಾಣ. ಇದನ್ನು ಚೆನ್ನಾಗಿ ಬಲ್ಲ ಕ್ರೀಡಾಮಾತ್ಯ ಸ್ತುತಿಕೀರ್ತಿ ಒಮ್ಮೆ ಕೈಮುಗಿದು ಹೇಳಿದ:

"ಪ್ರಭು, ಆಟ ನೋಡಿ ಆರಿಸುವುದು ಹಳೇ ಮಾಡೆಲ್. ಅದರಲ್ಲಿ ಪಾರದರ್ಶಕತೆ ಇಲ್ಲ. ವರ್ಷದ ಆಟಗಾರ, ವರ್ಷದ ಗೋಲ್‌ಕೀಪರ್, ವರ್ಷದ ಕೋಚ್, ಹೀಗೆ ಪ್ರತಿ ಸ್ಥಾನಕ್ಕೂ ಯಾರೆಂದು ಕಾಲೇಜುಗಳ ಕೋಚ್‌ಗಳೇ ಮತ ಹಾಕಲಿ. ಪ್ರಶಸ್ತಿ ಬಂದವರದೇ ತಂಡ."

"ಎಲ್ಲರೂ ತಮ್ಮ ಹುಡುಗರಿಗೇ ಮತ ಹಾಕಿಕೊಂಡರೆ?"

"ಅದನ್ನು ನಿಷೇಧಿಸಿಬಿಡೋಣ. ಯಾವ ಕೋಚೂ ತನಗಾಗಲಿ ತನ್ನ ಕಾಲೇಜಿನವರಿಗಾಗಲಿ ಮತ ಹಾಕುವಂತಿಲ್ಲ."

"ಇಷ್ಟು ಸೂಕ್ಷ್ಮ ಆಲೋಚನೆ ನಿನಗೆ ಎಲ್ಲಿಂದ ಬಂತು?"

"ತಮ್ಮ ಶ್ರೀಮುಖವನ್ನೇ ನೋಡುತ್ತಿದ್ದೆ, ಅಲ್ಲಿಂದ ಬಂತು."

ಈ ಉತ್ತರಕ್ಕಾಗಿ ಸ್ತುತಿಕೀರ್ತಿಗೆ ಆಗಲೇ 'ವರ್ಷದ ಅಮಾತ್ಯ' ಪ್ರಶಸ್ತಿ ಘೋಷಣೆಯಾಯಿತು.

ಆ ವರ್ಷ ಕಾಲೇಜುಗಳ ಪಂದ್ಯಾವಳಿಯಲ್ಲಿ ಗಂಜಿಗೇರಿ ಕಾಲೇಜಿನ ತಿಪ್ಪೇಶಿ ಎಂಬ ಹುಡುಗ ಹೋದಲ್ಲೆಲ್ಲ ಗೋಲು ಹೊಡೆದಿದ್ದ. ಅವನ ತಾಯಿ ಸಿದ್ದವ್ವ ಪಟ್ಟಣದ ಕಟ್ಟಕಡೆಯ ಬೀದಿಯಾದ ಗಂಜಿಗೇರಿಯಲ್ಲಿ ಒಂದು ಸಣ್ಣ ಖಾನಾವಳಿ ನಡೆಸುತ್ತಿದ್ದಳು. ಪಟ್ಟಣಕ್ಕೆ ಬಂದ ನೀರು ಗಂಜಿಗೇರಿಯ ನಲ್ಲಿಗೆ ತಲುಪುವುದು ಎಲ್ಲಕ್ಕಿಂತ ಕೊನೆಗೆ. ಮೇಲ್ಸೀಮೆಯ ನೀರು ನಿಂತರೆ ಮೊದಲು ಆರುವುದು ಸಿದ್ದವ್ವನ ಒಲೆ. ಆದ್ದರಿಂದ ತಿಪ್ಪೇಶಿಗೆ ರಾಜ್ಯದ ತಂಡದಲ್ಲಿ ಆಡುವುದು ಬರೀ ಶೋಕಿಯಾಗಿರಲಿಲ್ಲ.

ಕೋಚ್‌ಗಳು ಮತ ಹಾಕಿದರು. ವರ್ಷದ ಆಟಗಾರನಾಗಿ ಆಯ್ಕೆಯಾದವನು ಬಯಲಕೊಪ್ಪ ಕಾಲೇಜಿನ ಅಡಿವೆಪ್ಪ.

ಬಯಲಕೊಪ್ಪ ಆಡಿದ ಪಂದ್ಯಗಳನ್ನೆಲ್ಲ ಸೋತಿದ್ದ ಕಾಲೇಜು. ಅಡಿವೆಪ್ಪ ಅಲ್ಲಿಯೂ ಮೈದಾನಕ್ಕೆ ಇಳಿದವನಲ್ಲ. ಗೆರೆಯಾಚೆ ಕೂತು ಆಟಗಾರರ ಚಪ್ಪಲಿ, ವಾಚು, ನೀರಿನ ಬಾಟಲಿ ಕಾಯುವುದು ಅವನ ಕೆಲಸ. ಹೊರಗೆ ಬಂದ ಚೆಂಡನ್ನು ಒರೆಸಿ, ಜೋಪಾನವಾಗಿ ಚಪ್ಪಲಿಯ ಪಕ್ಕ ಇಡುತ್ತಿದ್ದ. ಒಂದು ವಾಚೂ ಕಳೆದಿರಲಿಲ್ಲ. ಮನುಷ್ಯ ಚಿನ್ನದಂಥವನು, ನನಗೆ ಅವನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ. ವರ್ಷದ ಕೋಚ್ ಪ್ರಶಸ್ತಿ ಅದೇ ಬಯಲಕೊಪ್ಪದ ಶಾಂತವೀರಾಚಾರ್ಯರಿಗೆ ಹೋಯಿತು. ಅವರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಉಳಿದ ಪ್ರಶಸ್ತಿಗಳೂ ಇಂಥವರಿಗೇ ಹಂಚಿಹೋದವು, ತಿಪ್ಪೇಶಿಗೆ ಒಂದೂ ಬರಲಿಲ್ಲ.

ತಿಪ್ಪೇಶಿ ತನ್ನ ಕೋಚ್ ರುದ್ರಮುನಿಯ ಮನೆಗೆ ಹೋದ.

"ಸಾರ್, ನೀವು ಯಾರಿಗೆ ಓಟು ಹಾಕಿದ್ರಿ?"

"ನಿನಗೆ ಹಾಕಂಗಿಲ್ಲಲ್ಲಪ್ಪ, ರೂಲ್ಸು."

"ಅದು ಗೊತ್ತೈತೆ ಸಾರ್. ಯಾರಿಗೆ ಹಾಕಿದ್ರಿ?"

ರುದ್ರಮುನಿ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. "ಬೇರೆ ಕಾಲೇಜಿನ ಒಳ್ಳೆ ಆಟಗಾರನಿಗೆ ಹಾಕಿದ್ರೆ ಅವನು ನಿನಗೇ ಅಡ್ಡ ಬರ್ತಾನೆ. ಅದಕ್ಕೇ ಗೆಲ್ಲೋಕೆ ಸಾಧ್ಯನೇ ಇಲ್ಲದೋನಿಗೆ ಹಾಕ್ದೆ."

"ಅಡಿವೆಪ್ಪಂಗಾ?"

"ಹ್ಞೂಂ ಕಣೋ. ಎಲ್ರೂ ಅದನ್ನೇ ಯೋಚನೆ ಮಾಡ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?"

ತಿಪ್ಪೇಶಿ ಎದ್ದುಹೋದ. ರುದ್ರಮುನಿ ಕೆಟ್ಟವರಲ್ಲ, ಅಂದು ಅವರು ಊಟ ಬಿಟ್ಟರು. ಆದರೆ ಅವರು ಊಟ ಬಿಟ್ಟದ್ದರಿಂದ ತಂಡವೇನೂ ಬದಲಾಗಲಿಲ್ಲ.

ಸನ್ಮಾನದ ದಿನ ಅರಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಅಡಿವೆಪ್ಪನಿಗೆ ಮೈಸೂರು ಪೇಟ ತೊಡಿಸಲಾಯಿತು. ಪೇಟ ದೊಡ್ಡದಾಗಿ ಅವನ ಹುಬ್ಬಿನವರೆಗೂ ಇಳಿದಿತ್ತು. ಅವನು ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಮಹಾರಾಜನಿಗೆ ಹೇಳಿದ:

"ಬುದ್ಧಿ, ನಾನು ಆಡೇ ಇಲ್ಲ. ಇದು ತಿಪ್ಪೇಶಿಗೆ ಸೇರಬೇಕಾದ್ದು."

"ಎಂಥ ವಿನಯ, ಪ್ರಭು," ಎಂದ ಸ್ತುತಿಕೀರ್ತಿ. ಮಹಾರಾಜನ ಕಣ್ಣು ತುಂಬಿ ಬಂತು. ಅಡಿವೆಪ್ಪನಿಗೆ 'ವರ್ಷದ ವಿನಯಶೀಲ ಆಟಗಾರ' ಪ್ರಶಸ್ತಿಯನ್ನೂ ಕೊಟ್ಟು ತಂಡದ ನಾಯಕನನ್ನಾಗಿ ಮಾಡಲಾಯಿತು.

ಮೇಲ್ಸೀಮೆಯೊಂದಿಗಿನ ಪಂದ್ಯಕ್ಕೆ ಇಡೀ ಪಟ್ಟಣ ನೆರೆಯಿತು. ತಿಪ್ಪೇಶಿ ಬೇಲಿಯಾಚೆ ಪ್ರೇಕ್ಷಕರ ಸಾಲಿನಲ್ಲಿದ್ದ, ಪಕ್ಕದಲ್ಲಿ ಸಿದ್ದವ್ವ. ಶಾಂತವೀರಾಚಾರ್ಯರು ತಮ್ಮ ತಂಡಕ್ಕೆ ಯಾರ ಮನಸ್ಸನ್ನೂ ನೋಯಿಸಬೇಡಿ ಎಂದಷ್ಟೇ ಹೇಳಿ ಕಳಿಸಿದರು. ತಂಡ ಅದನ್ನು ಚಾಚೂ ತಪ್ಪದೆ ಪಾಲಿಸಿತು. ಮೇಲ್ಸೀಮೆಯವರು ಒಂದು ಗೋಲು ಹೊಡೆದರು, ಆಮೇಲೆ ಇನ್ನೊಂದು. ಅಷ್ಟರಲ್ಲಿ ಚೆಂಡು ಉರುಳುತ್ತ ಅಡಿವೆಪ್ಪನ ಕಾಲ ಬಳಿಗೇ ಬಂತು. ಎದುರಿಗೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇರಲಿಲ್ಲ.

ಅಡಿವೆಪ್ಪ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅಂಗಿಯಲ್ಲಿ ಒರೆಸಿ, ಗೆರೆಯಾಚೆ ಒಯ್ದು ಚಪ್ಪಲಿಗಳ ಪಕ್ಕ ಜೋಪಾನವಾಗಿಟ್ಟ.

ರೆಫರಿಗೂ ಸೀಟಿ ಊದಲು ಸ್ವಲ್ಪ ಹೊತ್ತು ಹಿಡಿಯಿತು. ಅಡಿವೆಪ್ಪನಿಗೆ ತಾನು ಮಾಡಿದ್ದೇನೆಂದು ಹೊಳೆದು ಮುಖ ಸಣ್ಣದಾಯಿತು. ಅವನು ಬೇಲಿಯ ಕಡೆ ತಿರುಗಿ, "ತಿಪ್ಪೇಶಿ, ನನ್ನ ಬದಲಿಗೆ ನೀನಾರ ಬಾರೋ, ಇನ್ನೂ ಟೈಮೈತೆ," ಎಂದು ಕೂಗಿದ. ತಿಪ್ಪೇಶಿ ಬೇಲಿ ಹಾರಿಯೇಬಿಟ್ಟ. ಜನ ಎದ್ದು ನಿಂತರು. ಸ್ತುತಿಕೀರ್ತಿಯೇ ಖುದ್ದಾಗಿ ಬಂದು ಅವನನ್ನು ತಡೆದ.

"ನಿನಗೆ ಯಾವ ಪ್ರಶಸ್ತಿ ಬಂದಿದೆ?"

"ಯಾವುದೂ ಇಲ್ಲ ಸಾಮಿ. ಆಡೋಕೆ ಬರುತ್ತೆ."

"ಹಾಗಂತ ಎಲ್ಲರೂ ಹೇಳುತ್ತಾರೆ. ಸಿಸ್ಟಮ್ ಅಂತ ಒಂದಿದೆಯಪ್ಪ."

ಕಾವಲುಗಾರರು ತಿಪ್ಪೇಶಿಯ ರಟ್ಟೆ ಹಿಡಿದು ಹೊರಗೆ ಬಿಟ್ಟರು. ಪಂದ್ಯ ಹೇಗೆ ಮುಗಿಯಿತೆಂದು ಹೇಳುವ ಅಗತ್ಯವಿಲ್ಲ. ಮೇಲ್ಸೀಮೆಯವರು ಸಂಜೆಗೆಲ್ಲ ತೂಬು ಮುಚ್ಚಿದರು.

ಸೋಲಿನ ಪರಾಮರ್ಶೆಗೆ ಸಭೆ ಸೇರಿತು. ಮೇಲ್ಸೀಮೆಯವರಿಗೆ ಪ್ರಶಸ್ತಿ ಕೊಡುವ ಪದ್ಧತಿಯೇ ಇಲ್ಲವೆಂದು ಒಬ್ಬ ಪಂಡಿತ ಬಾಯಿತಪ್ಪಿ ಹೇಳಿದ. ಅದನ್ನು ಕಡತದಿಂದ ತೆಗೆಯಲಾಯಿತು. ಪ್ರಶಸ್ತಿಗಳು ಸಾಲದ್ದರಿಂದಲೇ ಸೋಲಾಗಿದೆ ಎಂದು ಸ್ತುತಿಕೀರ್ತಿ ಸಾಧಾರವಾಗಿ ವಿವರಿಸಿದ. ಶಾಂತವೀರಾಚಾರ್ಯರಿಗೆ 'ಸೋಲಿನಲ್ಲೂ ಸೌಜನ್ಯ' ಪ್ರಶಸ್ತಿ ಬಂತು. ಪ್ರಜೆಗಳನ್ನು ಮಾತ್ರ ಏಕೆ ಬಿಡಬೇಕೆಂದು ಮಹಾರಾಜನಿಗೇ ಹೊಳೆದು, ರಾಜ್ಯದಲ್ಲಿ ಅತಿ ಕಡಿಮೆ ನೀರು ಬಳಸುವ ಬೀದಿಗೆ 'ಜಲಸಂಯಮ ಭೂಷಣ' ಎಂಬ ಹೊಸ ಪ್ರಶಸ್ತಿ ಸ್ಥಾಪನೆಯಾಯಿತು.

ಗಂಜಿಗೇರಿಯ ನಲ್ಲಿಗಳಲ್ಲಿ ಆಗ ಗಾಳಿ ಮಾತ್ರ ಬರುತ್ತಿತ್ತು. ಪ್ರಶಸ್ತಿಗೆ ಆ ಬೀದಿ ಅವಿರೋಧವಾಗಿ ಆಯ್ಕೆಯಾಯಿತು. ಬೀದಿಯ ಪರವಾಗಿ ವೇದಿಕೆ ಹತ್ತಲು ಸಿದ್ದವ್ವನನ್ನು ಕರೆಸಿದರು, ಖಾನಾವಳಿ ಮುಚ್ಚಿ ಅವಳು ಬಿಡುವಾಗಿದ್ದಳು. ಮಹಾರಾಜ ಅವಳ ಕೈಗೆ ಬೆಳ್ಳಿಯ ಬಿಂದಿಗೆ ಇಟ್ಟ. ಚಪ್ಪಾಳೆ ನಿಲ್ಲಲೇ ಇಲ್ಲ.

ಸಿದ್ದವ್ವ ಬಿಂದಿಗೆಯನ್ನು ಬಗ್ಗಿಸಿ ಒಳಗೆ ನೋಡಿದಳು.

"ಇದರಾಗೆ ನೀರೇ ಇಲ್ಲಲ್ಲ ಬುದ್ಧಿ," ಎಂದಳು.

ಚಪ್ಪಾಳೆಯಲ್ಲಿ ಮಹಾರಾಜನಿಗೆ ಸರಿಯಾಗಿ ಕೇಳಿಸಲಿಲ್ಲ. "ಏನಂತೆ?" ಎಂದ.

"ಧನ್ಯಳಾದೆ ಅನ್ನುತ್ತಿದ್ದಾಳೆ, ಪ್ರಭು," ಎಂದ ಸ್ತುತಿಕೀರ್ತಿ.

ಬಿಂದಿಗೆಯ ಖರ್ಚನ್ನು ಗಂಜಿಗೇರಿಯ ನೀರಿನ ಕಂದಾಯಕ್ಕೆ ಸೇರಿಸಲಾಯಿತು.