ನನ್ನ ಹೆಸರಿನ ಸ್ಕೂಟರ್

ಗಾಡಿ ಇಲ್ಲದವನಿಗೆ ಒಂದೇ ಚಿಂತೆ, ಇದ್ದವನಿಗೆ ನೂರೆಂಟು ಎನ್ನುತ್ತಾರೆ. ಗಾಡಿ ಇದ್ದೂ ಇಲ್ಲದ ನನ್ನಂಥವನ ಚಿಂತೆಗಳನ್ನು ಮಾತ್ರ ಯಾರೂ ಎಣಿಸಲು ಹೋಗಿಲ್ಲ. ಸರ್ಕಾರದ ಕಡತದಲ್ಲಿ ನಾನೊಂದು ಸ್ಕೂಟರಿನ ಮಾಲೀಕ. ನಿಜದಲ್ಲಿ ವಡಾಲದಿಂದ ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದು ಕಚೇರಿಗೆ ಹೋಗುವ ಗುಮಾಸ್ತ. ಕೆಲಸ ವಿಮಾ ಕಂಪನಿಯಲ್ಲಿ, ಪರಿಹಾರ ಕೇಳಿ ಬಂದ ಅರ್ಜಿಗಳಲ್ಲಿ ಹುಳುಕು ಹುಡುಕಿ ವಾಪಸು ಕಳಿಸುವುದು. ಪುಣ್ಯದ ಕೆಲಸವೇನಲ್ಲ, ಆದರೆ ಹೊಟ್ಟೆಪಾಡು.

ಆಗೆಲ್ಲ ಸ್ಕೂಟರ್ ಬೇಕೆಂದರೆ ಕೈಯಲ್ಲಿ ದುಡ್ಡಿದ್ದರೆ ಸಾಲದು, ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಮದುವೆಯ ಹೊಸತರಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಚೌಪಾಟಿಗೆ ಹೋಗುವ ಹುರುಪಿನಲ್ಲಿ ನಾನೂ ಹೆಸರು ಬರೆಸಿದ್ದೆ. ಸರದಿ ಬರುವ ಹೊತ್ತಿಗೆ ತಲೆ ಅರ್ಧ ನರೆತಿತ್ತು, ಧೈರ್ಯ ಪೂರ್ತಿ ಉಡುಗಿತ್ತು. ಮೈಸೂರಿನಲ್ಲಿ ಸೈಕಲ್ ತುಳಿದದ್ದು ಬಿಟ್ಟರೆ ನನ್ನ ಜಾತಕದಲ್ಲಿ ಬೇರೆ ವಾಹನಯೋಗವಿರಲಿಲ್ಲ. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಕೆಳಗೆ ಹೋಟೆಲ್ ಇಟ್ಟಿದ್ದ ಉಡುಪಿಯ ಶೆಟ್ಟರು, "ನೀವು ಓಡ್ಸುದಿಲ್ಲ, ನಂಗೆ ಬೇಕೇ ಬೇಕು. ಕೊಡಿ ಮಾರಾಯ್ರೇ" ಎಂದು ಕೊಂಡುಕೊಂಡರು. ಆದರೆ ಸರದಿಯಲ್ಲಿ ಸಿಕ್ಕ ಗಾಡಿಯನ್ನು ಕೆಲವು ವರ್ಷ ಮಾರುವಂತಿರಲಿಲ್ಲ. ಊರಿಗೆ ಊರೇ ಮಾಡುತ್ತಿದ್ದುದನ್ನು ನಾವೂ ಮಾಡಿದೆವು. ಹೆಸರು ನನ್ನದು, ಸವಾರಿ ಶೆಟ್ಟರದು.

ಒಂದು ದಿನ ಶೆಟ್ಟರು ಬಾಂದ್ರಾಕ್ಕೆ ಬಾಳೆಎಲೆ ತರಲು ಹೋದವರು ನೆರಳು ಚೆನ್ನಾಗಿದೆಯೆಂದು ಯಾವುದೋ ಬಿಲ್ಡಿಂಗಿನ ಕಾಂಪೌಂಡಿನೊಳಗೆ ಗಾಡಿ ನಿಲ್ಲಿಸಿದರು. ತಿರುಗಿ ಬಂದು ನೋಡಿದರೆ ಚಕ್ರಕ್ಕೆ ಸರಪಳಿ. ಹೊರಗಿನವರು ಗಾಡಿ ನಿಲ್ಲಿಸಿದರೆ ದಂಡವೆಂದು ಗೇಟಿನ ಮೇಲೆ ಬರೆದಿತ್ತಂತೆ. ಶೆಟ್ಟರು ಎಲೆಯ ಕಟ್ಟು ಹೊತ್ತು ಬಸ್ಸಿನಲ್ಲಿ ಬಂದರು. ಡಿಕ್ಕಿಯಲ್ಲಿದ್ದ ಕಾಗದದಲ್ಲಿ ನನ್ನ ಹೆಸರು ನೋಡಿದ ಆ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ನನಗೇ ನೋಟೀಸು ಕಳಿಸಿದ. ಮಾಲೀಕರಾದ ತಾವು ದಂಡ ಕಟ್ಟಿ, ಇಲ್ಲವೇ ಗಾಡಿ ತಂದವರ ಹೆಸರು ಹೇಳಿ, ಎರಡೂ ಆಗದಿದ್ದರೆ ಪೊಲೀಸರಿಗೆ ಒಪ್ಪಿಸುತ್ತೇವೆ ಎಂದು.

"ದಂಡ ನಾನು ಕೊಡ್ತೇನೆ. ನನ್ನ ಹೆಸರು ಮಾತ್ರ ಹೇಳ್ಬೇಡಿ. ಮಾರಿದ್ದು ಗೊತ್ತಾದ್ರೆ ಗಾಡಿ ಹೋಗ್ತದೆ. ಮತ್ತೆ ನಾನು ಎಂತ ಮಾಡುದು?" ಎಂದು ಶೆಟ್ಟರು ಕೈಮುಗಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಜೀವಮಾನವೆಲ್ಲ ಊರವರ ಅರ್ಜಿ ತಿರಸ್ಕರಿಸಿದವನಿಗೆ, ತಾನೇ ಒಂದು ಅರ್ಜಿ ಹಾಕುವ ಅವಕಾಶ ಬಂದಾಗ ಕೈ ಕಡಿಯುತ್ತದೆ. ಮಾಡದ ತಪ್ಪಿಗೆ ನನ್ನ ಹೆಸರಿನಲ್ಲಿ ದಂಡವೇ? ಅಂಥ ಮಾತೇ ಇಲ್ಲ, ಸೊಸೈಟಿಯ ಕಮಿಟಿಗೆ ಅಪೀಲು ಹಾಕುತ್ತೇನೆ ಎಂದೆ. ಹೆಂಡತಿ, "ಏನ್ರೀ, ಹೋಗಿ ಹೋಗಿ ಅಪೀಲಾ? ಅಲ್ಲಿ ಏನಂತ ಹೇಳ್ತೀರಿ?" ಎಂದಳು. "ಸತ್ಯ ಹೇಳ್ತೀನಿ. ನನಗೆ ಸ್ಕೂಟರ್ ಓಡಿಸೋಕೇ ಬರಲ್ಲ, ಅಂದಮೇಲೆ ಅಲ್ಲಿಗೆ ತಂದದ್ದು ನಾನಲ್ಲ." ಶೆಟ್ಟರ ಹೆಸರೂ ಉಳಿಯಿತು, ನನ್ನ ಮಾನವೂ ಉಳಿಯಿತು. ಇಷ್ಟು ಬಿಗಿಯಾದ ಅರ್ಜಿ ನಮ್ಮ ಕಚೇರಿಗೆ ಒಂದೂ ಬಂದದ್ದಿಲ್ಲ.

ಭಾನುವಾರ ಬೆಳಿಗ್ಗೆ ಕಾಂಪೌಂಡಿನಲ್ಲೇ ಕುರ್ಚಿ ಹಾಕಿಕೊಂಡು ಕಮಿಟಿ ಕೂತಿತ್ತು. ಶೆಟ್ಟರು ಕೀಲಿಕೈ ನನ್ನ ಕೈಗಿಟ್ಟು, ಗುರುತೇ ಇಲ್ಲದವರಂತೆ ಎದುರಿನ ಚಹಾ ಅಂಗಡಿಯಲ್ಲಿ ಕೂತರು. ನನ್ನ ವಾದ ಕೇಳಿದ ಸೆಕ್ರೆಟರಿ ನಕ್ಕುಬಿಟ್ಟ. "ಗಾಡಿ ಆಪ್‌ಕಾ, ಔರ್ ಚಲಾನಾ ನಹೀ ಆತಾ? ಐಸಾ ಕೈಸಾ?" ಗಾಡಿ ನಿಮ್ಮದು, ಓಡಿಸಲು ಬಾರದೆಂದರೆ ಹೇಗೆ ಎಂದು. ಅಧ್ಯಕ್ಷರಾಗಿದ್ದ ಮರಾಠಿ ಮುದುಕರು ಕನ್ನಡಕ ಸರಿಮಾಡಿಕೊಂಡು, "ಚಲಾವೂನ್ ದಾಖವಾ" ಎಂದರು, ಓಡಿಸಿ ತೋರಿಸಿ ಎಂದು. ಬಾರದ ವಿದ್ಯೆಯನ್ನು ತೋರಿಸುವುದು ಹೇಗೆ ಎಂದು ನಾನು ಕೇಳುವಷ್ಟರಲ್ಲಿ ವಾಚ್‌ಮನ್ ಸರಪಳಿ ಬಿಚ್ಚಿ, ಸ್ಟ್ಯಾಂಡ್ ತೆಗೆದು, ನನ್ನನ್ನು ಮೇಲೆ ಕೂರಿಸಿ, ತಾನೇ ಕಿಕ್ ಹೊಡೆದು ಗೇರು ಹಾಕಿಕೊಟ್ಟ. ಬಿದ್ದರೆ ಗೆದ್ದೆ ಎಂದು ಕಣ್ಣುಮುಚ್ಚಿ ಕ್ಲಚ್ ಬಿಟ್ಟೆ.

ಬೀಳಲಿಲ್ಲ. ಸ್ಕೂಟರ್ ಮೆಲ್ಲಗೆ ಹೊರಟಿತು. ಮೈಸೂರಿನ ಸೈಕಲ್ಲು ಸೊಂಟದಲ್ಲೆಲ್ಲೋ ಇನ್ನೂ ಉಳಿದಿತ್ತೆಂದು ಕಾಣುತ್ತದೆ. ತುಳಸಿಕಟ್ಟೆ ಸುತ್ತಿದೆ, ನೀರಿನ ಟ್ಯಾಂಕ್ ಸುತ್ತಿದೆ, ಒಬ್ಬರ ಕಾರನ್ನು ಸವರಿಕೊಂಡಂತೆ ದಾಟಿದೆ. ಮುಖಕ್ಕೆ ಗಾಳಿ ಬಡಿಯಿತು. ದೇವರಾಣೆ, ಅಷ್ಟು ಸಂತೋಷ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ. ಬೀಳಬೇಕೆಂಬುದೇ ಮರೆತುಹೋಗಿ ಎರಡನೇ ಸುತ್ತನ್ನೂ ಹಾಕಿದೆ. ಬ್ರೇಕ್ ತುಳಿದಾಗ ಇಂಜಿನ್ ಆರಿ ಗಾಡಿ ನಿಂತದ್ದು ನೇರ ಕಮಿಟಿಯ ಮುಂದೆ. ಅಪೀಲು ಅಲ್ಲೇ ವಜಾ ಆಯಿತು. ಸುಳ್ಳು ಹೇಳುವವನನ್ನು ನೋಡುವ ಹಾಗೆ ಎಲ್ಲರೂ ನನ್ನನ್ನು ನೋಡಿದರು. ನಾನು ಕೂತಲ್ಲೇ ದಂಡ ಕಟ್ಟಿದೆ.

ಗೇಟಿನ ಹೊರಗೆ ಕಾಲಲ್ಲಿ ನೂಕಿಕೊಂಡು ಬಂದಾಗ ಶೆಟ್ಟರು ಓಡಿಬಂದರು. "ಎಂತ ಮಾರಾಯ್ರೇ ನೀವು! ಬರುದಿಲ್ಲ ಅಂತ ಹೇಳ್ಲಿಕ್ಕೆ ಹೋಗಿ ಓಡ್ಸಿ ತೋರ್ಸುದಾ?" ಎಂದು ದಂಡದ ಹಣ ಜೇಬಿಗೆ ತುರುಕಲು ನೋಡಿದರು. ನಾನು ಕೈ ತಳ್ಳಿದೆ. "ಬೇಡ ಶೆಟ್ಟರೇ. ಇನ್ನು ಯಾರು ಕೇಳಿದರೂ ಅವತ್ತು ಗಾಡಿ ತಂದು ನಿಲ್ಲಿಸಿದ್ದು ನಾನೇ."

"ಆಯ್ತು, ಇಳೀರಿ ಈಗ" ಎಂದರು ಶೆಟ್ಟರು. ನಾನು ಇಳಿಯಲಿಲ್ಲ. ಗತ್ತಿನಿಂದಲ್ಲ, ಸ್ಟ್ಯಾಂಡ್ ಹಾಕುವುದು ಹೇಗೆಂದು ತಿಳಿಯದೆ. ಆಗ ಹೊಳೆಯಿತು. ಓಡಿಸಲು ಬರುವುದಿಲ್ಲ ಎನ್ನುವ ಬದಲು ನಿಲ್ಲಿಸಲು ಬರುವುದಿಲ್ಲ ಎಂದು ವಾದಿಸಿದ್ದರೆ, ಅಪೀಲು ಅಲ್ಲೇ ಗೆದ್ದುಬಿಡುತ್ತಿದ್ದೆ.