ನನ್ನ ದೂರಿನ ಒಂಬತ್ತನೆಯ ಅಂಶ

ಭ್ರಷ್ಟಾಚಾರ ನಿರ್ಮೂಲನೆಯಲ್ಲಿ ನನಗೆ ದೀರ್ಘ ಅನುಭವವಿದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರು ನಾನು. ಭ್ರಷ್ಟಾಚಾರ ಕುರಿತ ಪ್ರಬಂಧ ಸ್ಪರ್ಧೆಗೆ ಪ್ರತಿ ವರ್ಷ ನಾನೇ ತೀರ್ಪುಗಾರ. ಇಂಥ ನನ್ನ ಸ್ವಂತ ಅಕ್ಕನಿಗೇ ರೇಷನ್ ಅಕ್ಕಿ ತೂಕದಲ್ಲಿ ಕಡಿಮೆ ಬರುತ್ತದೆ ಎಂದರೆ ನಾನು ಸುಮ್ಮನಿರಬಹುದೇ?

ಇರಬಹುದಿತ್ತು. ಅದು ಈಗ ತಿಳಿಯುತ್ತಿದೆ.

ಗಂಗಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಬಬಲೇಶ್ವರದ ಆಚೆಗಿನ ನಮ್ಮ ಊರಿನಲ್ಲಿ, ನಮ್ಮ ಹಳೆಯ ಮನೆಯಲ್ಲೇ, ಗಂಡ ಸಿದ್ರಾಮ ಭಾವನ ಜೊತೆ ಇದ್ದಾಳೆ. ಭಾವನಿಗೆ ಹದಿನಾರು ಆಡು, ಒಂದು ಎಮ್ಮೆ, ಮತ್ತು ಎರಡು ವರ್ಷದಿಂದ ಒಂದು ಹರ್ನಿಯಾ. ಆಡು ಕಾಯುವಾಗ ಒಂದು ಕೈಯಲ್ಲಿ ಬಡಿಗೆ, ಇನ್ನೊಂದು ಕೈಯಲ್ಲಿ ಕಿಬ್ಬೊಟ್ಟೆ ಹಿಡಿದುಕೊಂಡೇ ನಡೆಯುತ್ತಾನೆ. ಅಂತೂ ಇಂತೂ ವಿಜಯಪುರದ ದವಾಖಾನೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಬಿಪಿಎಲ್ ಕಾರ್ಡು ತೋರಿಸಿದರೆ ಖರ್ಚಿಲ್ಲ ಎಂದಿದ್ದರು. ಭಾವ ಆ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಿದ್ದ.

ವಿಜಯಪುರದ ಅಥಣಿ ರಸ್ತೆಯ ನಮ್ಮ ಬಡಾವಣೆಯ ಮನೆಗೆ ಒಮ್ಮೆ ಬಂದಾಗ ಅಕ್ಕ ಮಾತಿಗೆ ಮಾತು ಬಂದು ಹೇಳಿದಳು, "ಅಂಗಡಿ ಈರಪ್ಪ ಪ್ರತಿ ತಿಂಗಳ ಒಂದೊಂದೂವರಿ ಕೆಜಿ ಹೊಡಿತಾನ ಬಿಡು. ಅಂವಗೂ ಮಕ್ಕಳು ಮರಿ ಅದಾವ."

"ಬಿಡು ಅಂದ್ರ ಹೆಂಗ ಬೇ? ಇದು ಹಕ್ಕು!" ಎಂದು ನಾನು ಎದ್ದು ನಿಂತೆ. ಹಕ್ಕು ಎಂಬ ಶಬ್ದ ಬಾಯಿಗೆ ಬಂದರೆ ನಾನು ಕೂತು ಮಾತಾಡುವುದಿಲ್ಲ.

ಮರುದಿನವೇ ಪೇಟೆಗೆ ಹೋಗಿ, ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ತೂಗುವ ಸಣ್ಣ ಕಾಟಾ ಒಂದನ್ನು ತಂದೆ. ರವಿವಾರ ಬಸ್ಸು ಹತ್ತಿ ಊರಿಗೆ ಹೋಗಿ, ಸಾಲಿನಲ್ಲಿ ನಿಂತವರ ಎದುರಿಗೇ ಅಕ್ಕನ ಚೀಲ ತೂಗಿದೆ. ಒಂದು ಕೆಜಿ ಆರುನೂರು ಗ್ರಾಂ ಕಡಿಮೆ!

ಈರಪ್ಪ ಕೈ ಮುಗಿದ. "ಚೀಲ ತೂತ ಇರತಾವ್ರಿ ಸರ್. ಗೋಡೌನಿನಾಗ ಇಲಿ ಅದಾವು."

"ಇಲಿ ಎಲ್ಲಾರ ಚೀಲದಾಗೂ ಲೆಕ್ಕ ಹಿಡದು ಒಂದ ಸಮ ತಿಂತಾವೇನು?" ಎಂದೆ. ಜನ ನಕ್ಕರು. ಆ ನಗು ನನ್ನ ತಲೆಗೆ ಏರಿತು. ಮುಂದಿನ ಅನಾಹುತಕ್ಕೆಲ್ಲ ಆ ನಗುವೇ ಕಾರಣ.

ಅಂದು ಸಂಜೆಯೇ ದೂರು ಬರೆಯಲು ಕೂತೆ. "ಈ ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಆರಂಭವಾದದ್ದು ನಾಲ್ಕು ಪುಟಕ್ಕೆ ಹೋಯಿತು. ಅಕ್ಕಿಯ ಬಗ್ಗೆ ಹೇಳುವುದೆಲ್ಲ ಎಂಟು ಅಂಶಗಳಲ್ಲಿ ಮುಗಿಯಿತು. ಆದರೆ ಪುಟದ ಕೆಳಗೆ ಇನ್ನೂ ನಾಲ್ಕು ಬೆರಳು ಜಾಗ ಉಳಿದಿತ್ತು. ಖಾಲಿ ಬಿಡುವುದು ನನ್ನ ಜಾಯಮಾನವಲ್ಲ. ಒಂಬತ್ತನೆಯ ಅಂಶ ಬರೆದೆ:

"ಸದರಿ ಅಂಗಡಿಗೆ ಸೇರಿದ ಎಲ್ಲ ಕಾರ್ಡುಗಳನ್ನು ಸಾರ್ವಜನಿಕರ ಸಮ್ಮುಖದಲ್ಲಿ ಹೆಸರುವಾರು ಪರಿಶೀಲಿಸಿ, ಅನರ್ಹರು ಕಂಡುಬಂದಲ್ಲಿ ಅವರು ಎಷ್ಟೇ ಪ್ರಭಾವಿಗಳಾಗಿದ್ದರೂ ಯಾವುದೇ ಮುಲಾಜಿಲ್ಲದೆ ಕ್ರಮ ಜರುಗಿಸತಕ್ಕದ್ದು."

ನನ್ನ ಹೆಂಡತಿ ಕಸ್ತೂರಿ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು. "ಅಕ್ಕಿ ಕಡಿಮಿ ಬಂದೈತಿ ಅಂತ ಬರದ್ರ ಸಾಕಲ್ರಿ. ಊರಮಂದಿ ಕಾರ್ಡಿನ ಉಸಾಬರಿ ನಿಮಗ್ಯಾಕ?"

"ನಿನಗ ತತ್ವ ತಿಳಿಯೂದಿಲ್ಲ."

"ತತ್ವ ತಿಳಿಯೂದಿಲ್ಲ. ನೀವು ಎಂಥಾವ್ರು ಅಂತ ತಿಳಿತೈತಿ. ಅದಕ್ಕ ಅಂಜಿಕಿ," ಎಂದು ರೊಟ್ಟಿ ತಿರುವಿ ಹಾಕಿದಳು.

ಹದಿನೈದು ದಿನದೊಳಗೆ ತಪಾಸಣೆ ಬಂತು! ದೂರು ಕೊಟ್ಟರೆ ಕೆಲಸ ಆಗುವುದಿಲ್ಲ ಎಂದು ಹೇಳುವವರು ನನ್ನನ್ನು ಕಂಡು ಮಾತಾಡಬೇಕು. ನಾನು ರಜೆ ಹಾಕಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಊರಿಗೆ ಹೋದೆ. ಆಹಾರ ನಿರೀಕ್ಷಕರು ಒಬ್ಬ ಹೆಣ್ಣುಮಗಳು. ಮೂವತ್ತು ದಾಟಿರಲಿಕ್ಕಿಲ್ಲ. ಬಂದವರೇ ಈರಪ್ಪನ ಕಾಟಾ ಪರೀಕ್ಷಿಸಿದರು. ಅದರ ತಳದಲ್ಲಿ ಅಂಟಿಸಿದ್ದ ಕಬ್ಬಿಣದ ತುಂಡು ಸಿಕ್ಕಿತು. ಕಾಟಾಕ್ಕೆ ಸೀಲು ಬಿತ್ತು, ಹೊಸ ಕಾಟಾ ಬಂತು, ಈರಪ್ಪನ ಕೈಗೆ ನೋಟಿಸು ಬಂತು. ಊರವರು ಚಪ್ಪಾಳೆ ತಟ್ಟಿದರು. ಒಬ್ಬ ಅಜ್ಜ ನನ್ನ ಬೆನ್ನು ಚಪ್ಪರಿಸಿದ. ಅಲ್ಲಿಗೇ ಬಸ್ಸು ಹತ್ತಿದ್ದರೆ ನಾನು ಇಂದಿಗೂ ಊರಿನ ಹುಲಿ.

ಆದರೆ ಮೇಡಂ ನನ್ನ ದೂರನ್ನು ಬಿಚ್ಚಿದರು. "ಸರ್, ನಿಮ್ಮ ಒಂಬತ್ತನೇ ಪಾಯಿಂಟ್ ಬಾಳ ಚೊಲೋ ಐತ್ರಿ. ಇಷ್ಟು ಧೈರ್ಯ ಮಾಡಿ ಯಾರೂ ಬರಿಯೂದಿಲ್ಲ."

ನಾನು ನಾಚಿದೆ.

ಮೇಡಂ ಕುರ್ಚಿ ಹಾಕಿಸಿಕೊಂಡು ಕಾರ್ಡುಗಳ ಹೆಸರು ಓದತೊಡಗಿದರು. ನಾನು ಪಕ್ಕದಲ್ಲಿ ಕೈ ಕಟ್ಟಿ ನಿಂತೆ. ಹಿಂದಿನಿಂದ ಗಂಗಕ್ಕ ನನ್ನ ಅಂಗಿ ಜಗ್ಗಿದಳು. "ಬಸೂ, ಸಾಕ ನಡಿ. ರೊಟ್ಟಿ ಆರತಾವು."

"ತಡಿ ಬೇ, ಈಗ ಐತಿ ಖರೇ ಕೆಲಸ."

"ಯಪ್ಪಾ, ನಿನ್ನ ಕಾಲ ಬೀಳತೇನಿ, ನಡಿ." ಅವಳ ದನಿ ನಡುಗುತ್ತಿತ್ತು. ತಮ್ಮನ ಸಾಹಸ ಕಂಡು ಹೃದಯ ತುಂಬಿ ಬಂದಿದೆ ಎಂದೇ ತಿಳಿದೆ.

"ಗಂಗವ್ವ," ಮೇಡಂ ಓದಿದರು. "ಸಿದ್ರಾಮಪ್ಪ. ಬಸವಂತ. ಮೂರು ಮಂದಿ. ಈ ಬಸವಂತ ಯಾರ್ರಿ? ಮನ್ಯಾಗ ಇದ್ದಾರೇನು?"

ನಾನು ಗುಡುಗಿದೆ. "ನೋಡ್ರಿ ಮೇಡಂ! ನಾ ಹೇಳಿರಲಿಲ್ಲಾ? ಆ ಮನ್ಯಾಗ ಇರೂದ ಇಬ್ಬರು! ಯಾರದೋ ಸುಳ್ಳ ಹೆಸರು ತುರುಕ್ಯಾರ. ಬರಕೊಳ್ರಿ! ಮುಲಾಜ ಮಾಡಬ್ಯಾಡ್ರಿ!"

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನನ್ನ ಬೆನ್ನು ಚಪ್ಪರಿಸಿದ್ದ ಅಜ್ಜನೇ ಮೆಲ್ಲಗೆ ಕೇಳಿದ, "ತಮ್ಮಾ, ಬಸವಂತ ಅಂದ್ರ ನೀನ ಅಲ್ಲೇನೋ?"

ಹೌದು. ನಾನೇ! ಆವೇಶದಲ್ಲಿ ನನ್ನ ಹೆಸರೇ ನನಗೆ ಗುರುತು ಸಿಕ್ಕಿರಲಿಲ್ಲ. ಮದುವೆಗೆ ಮೊದಲು, ಅವ್ವ ಇದ್ದಾಗಿನ ಕಾರ್ಡಿನಲ್ಲಿ ಸೇರಿಸಿದ್ದ ಹೆಸರು. ಅವ್ವ ಹೋದಮೇಲೆ ಕಾರ್ಡು ಅಕ್ಕನ ಹೆಸರಿಗೆ ಬಂದಿತ್ತು. ನಾನು ಮಾತ್ರ ಅದರೊಳಗೆ ಹಾಗೇ ವಾಸವಾಗಿದ್ದೆ.

"ಕಾರ್ಡಿಗೆ ಇವರ ಹೆಬ್ಬೆಟ್ಟೂ ಆಗೈತಲ್ರಿ," ಎಂದರು ಮೇಡಂ, ಮೊಬೈಲು ನೋಡುತ್ತ.

ಅದೂ ಖರೆ. ಒಮ್ಮೆ ದೀಪಾವಳಿಗೆ ಹೋದಾಗ ಅಕ್ಕ ನನ್ನನ್ನು ಈ ಅಂಗಡಿಗೆ ಕರೆತಂದು, "ಇಲ್ಲಿ ಹೆಬ್ಬಟ್ಟ ಒತ್ತು" ಎಂದಿದ್ದಳು. ಒತ್ತಿದ್ದೆ. ಯಾಕೆ ಎಂದು ಕೇಳಲಿಲ್ಲ. ಮಕ್ಕಳಿಗೆ "ಓದದೆ ಎಲ್ಲಿಯೂ ಸಹಿ ಮಾಡಬೇಡಿ" ಎಂದು ಪಾಠ ಹೇಳುವವನು ನಾನು. ಆದರೆ ನನ್ನ ಮೂಗು ಒರೆಸಿ ಬೆಳೆಸಿದ ಅಕ್ಕ ಒತ್ತು ಎಂದಾಗ ಒತ್ತದೆ ಇರುವ ತಮ್ಮಂದಿರು ನಮ್ಮ ಕಡೆ ಹುಟ್ಟುವುದಿಲ್ಲ.

"ನೀವು ಏನ್ ಕೆಲಸ ಮಾಡ್ತೀರಿ ಸರ್?"

"ಶಿಕ್ಷಕ," ಎಂದೆ. ಇಷ್ಟು ಸಣ್ಣ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

"ಸರಕಾರದ ಪಗಾರ ಏನ್ರಿ?"

ತಲೆ ಆಡಿಸಿದೆ. ಮೇಡಂ ಬರೆದುಕೊಂಡರು. ಕೆಟ್ಟ ಹೆಣ್ಣುಮಗಳಲ್ಲ, ನನ್ನ ಕಡೆ ಕನಿಕರದಿಂದಲೇ ನೋಡಿದರು. "ಪಗಾರದವರ ಹೆಸರು ಇದ್ರ ಕಾರ್ಡ್ ತಡೆ ಹಿಡಿಬೇಕಾಗತೈತಿ ಸರ್. ನಿಮ್ಮ ಹೆಸರು ತಗಿಸಿದ ಮ್ಯಾಲ ಮತ್ತ ಚಾಲೂ ಆಗತೈತಿ. ನೀವ ಬರದೀರಲ್ಲ, ಮುಲಾಜ ಬ್ಯಾಡ ಅಂತ."

ಅಂಗಡಿ ಈರಪ್ಪ ಒಂದು ತಂಬಿಗೆ ನೀರು ತಂದುಕೊಟ್ಟ. "ಕುಡೀರಿ ಸರ್. ಒಂದ ದಿನಕ್ಕ ಇಬ್ಬರೂ ಸಿಕ್ಕಬಿದ್ವಿ." ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಜೊತೆಗಾರ ಸಿಕ್ಕ ಸಮಾಧಾನವಿತ್ತು. ನಾನು ಆ ನೀರನ್ನು ಕುಡಿದೆ.

ಗಂಗಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು ಮನೆಗೆ ನಡೆದಳು. ಭಾವ ದೇವರ ಜಗಲಿಯಿಂದ ಪ್ಲಾಸ್ಟಿಕ್ ಚೀಲ ತೆಗೆದು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದು ಈಗ ನಡಿಯೂದಿಲ್ಲೇನು?" ಎಂದಷ್ಟೇ ಕೇಳಿದ. ಆಪರೇಷನ್ನಿಗೆ ಹನ್ನೊಂದು ದಿನ ಉಳಿದಿತ್ತು.

ಮನೆಗೆ ಬಂದು ಕಸ್ತೂರಿಯ ಎದುರು ಕೂಗಾಡಿದೆ. "ನನ್ನ ಹೆಸರಿನ ಮ್ಯಾಲೆ ಇಷ್ಟು ವರ್ಷ ಅಕ್ಕಿ ಎತ್ಯಾರ! ಆ ಅಕ್ಕಿ ಎಲ್ಲಿ ಹೋತು? ನನಗ ಉತ್ತರ ಬೇಕು!"

ಕಸ್ತೂರಿ ನಿಧಾನವಾಗಿ ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿದಳು.

"ಏನು?"

"ಪ್ರತಿ ತಿಂಗಳ ನಿಮ್ಮ ಅಕ್ಕ ಬಸ್ಸಿನಾಗ ದಪ್ಪಕ್ಕಿ ಕಳಸ್ತಾರಲ್ರಿ. ದ್ವಾಸಿ ಹಂಚಿಗೆ ಅಂಟೂದಿಲ್ಲ, ಅಂಗಡಿ ಅಕ್ಕಿಗಿಂತ ಚೊಲೋ ಅಂತ ಆರಾರು ತಿಂತೀರಿ. ಎಲ್ಲಿಂದ ಬರ್ತೈತಿ ಅಂತ ತಿಳದಿದ್ರಿ?"

"ಹೊಲದ್ದು ಅಂತ ತಿಳದಿದ್ದೆ."

"ನಿಮ್ಮ ಊರ ಹೊಲದಾಗ ಭತ್ತ ಬೆಳೀತಾರೇನ್ರಿ?"

ನಮ್ಮ ಭಾಗದಲ್ಲಿ ಜೋಳ, ತೊಗರಿ, ದ್ರಾಕ್ಷಿ ಬೆಳೆಯುತ್ತವೆ; ಭತ್ತ ಬೆಳೆಯುವುದಿಲ್ಲ. ಇದನ್ನು ವರ್ಷಕ್ಕೆ ಮೂರು ವರ್ಗಗಳಿಗೆ ನಕಾಶೆ ಸಮೇತ ಕಲಿಸುವವನು ನಾನೇ! ಬಡವರ ಅಕ್ಕಿ ಎಲ್ಲಿ ಸೋರಿ ಹೋಗುತ್ತಿದೆ ಎಂದು ನಾಲ್ಕು ಪುಟ ಬರೆದಿದ್ದೆ. ಸೋರಿದ ಅಕ್ಕಿ ಚಟ್ನಿಯ ಜೊತೆ ನನ್ನ ತಟ್ಟೆಯಲ್ಲೇ ಇತ್ತು.

ಮುಂದಿನ ಆರು ದಿನ ನನಗೆ ಅನ್ನ ಸೇರಲಿಲ್ಲ. ದೋಸೆಯಂತೂ ಕೇಳಲೇ ಬೇಡಿ. ಅಕ್ಕನಿಗೆ ಫೋನು ಮಾಡಿದರೆ ಪ್ರತಿ ಸಲ ಭಾವನೇ ಎತ್ತುತ್ತಿದ್ದ. "ಅಕಿ ಎಮ್ಮಿ ಹಿಂಡಾಕತ್ತಾಳ." ಬೆಳಿಗ್ಗೆ ಮಾಡಿದರೂ ಎಮ್ಮೆ, ಮಟಮಟ ಮಧ್ಯಾಹ್ನ ಮಾಡಿದರೂ ಎಮ್ಮೆ. ಆ ಎಮ್ಮೆ ಹಾಲು ಬತ್ತಿಸಿ ಎರಡು ತಿಂಗಳಾಗಿತ್ತು.

"ಭಾವ, ಆಪರೇಷನ್ ಖರ್ಚ ನಾ ನೋಡಿಕೋತೇನಿ," ಎಂದೆ.

ಆಚೆ ಕಡೆ ಸ್ವಲ್ಪ ಹೊತ್ತು ಪಿಸುಮಾತು. ಆಮೇಲೆ ಭಾವ ಹೇಳಿದ, "ಬ್ಯಾಡಂತ. ನಿನ್ನ ರೊಕ್ಕದಾಗ ಗಂಡನ ಹೊಟ್ಟಿ ಕೊಯ್ಸೂದಿಲ್ಲ ಅಂತಾಳ. ನನ್ನ ಯಾರೂ ಕೇಳವಲ್ಲರು ಬಿಡು."

ಹೆಸರು ತೆಗೆಸಲು ಮನೆಯ ಯಜಮಾನಿಯ ಹೆಬ್ಬೆಟ್ಟು ಬೇಕು ಎಂದು ತಾಲ್ಲೂಕು ಕಚೇರಿಯಲ್ಲಿ ಹೇಳಿದರು. ಅಂದರೆ ಅಕ್ಕನದು. ಆಪರೇಷನ್ನಿಗೆ ಐದು ದಿನ ಇರುವಾಗ ಊರಿಗೆ ಹೋಗಿ, ಹೊರಗಿನ ಕಟ್ಟೆಯ ಮೇಲೆ ಎರಡು ತಾಸು ಕೂತೆ. ಕೊನೆಗೆ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಬಂದಳು. ಬಬಲೇಶ್ವರದವರೆಗೆ ಬಸ್ಸಿನಲ್ಲಿ ಅವಳು ಮುಂದೆ, ನಾನು ಹಿಂದೆ.

ಕಂಪ್ಯೂಟರ್ ಅಂಗಡಿಯವನು ನನ್ನ ಹೆಸರು ಹುಡುಕಿ ತೆಗೆದ. "ತಗಿಯೂ ಕಾರಣ ಕೇಳತೈತ್ರಿ. ಮೂರ ಅದಾವು. ಒಂದು, ಮರಣ."

"ಬ್ಯಾಡ!" ಎಂದು ಅಕ್ಕ, ನಾನು ಕೂಡಿಯೇ ಚೀರಿದೆವು. ಆರು ದಿನದಲ್ಲಿ ನಾವು ಒಟ್ಟಿಗೆ ಆಡಿದ ಮೊದಲ ಮಾತು ಅದು.

"ಎರಡು, ಇತರೆ. ಅದು ಮ್ಯಾಲಿನ ಆಫೀಸಿಗೆ ಹೋಗತೈತಿ. ಒಂದ ತಿಂಗಳರ ಬೇಕು. ಮೂರು, ಮದುವೆಯಾಗಿ ಹೋದವರು. ಇದು ಇವತ್ತ ಪಾಸ್ ಆಗತೈತಿ. ಆದ್ರ ಅದು ಹೆಣ್ಣಮಕ್ಕಳಿಗೆ ಹಾಕೂದ್ರಿ ಸರ್."

ನಾನು ಅರ್ಧ ನಿಮಿಷ ನ್ಯಾಯಾನ್ಯಾಯ ವಿವೇಚನೆ ಮಾಡಿದೆ. ಸುಳ್ಳಂತೂ ಅಲ್ಲ. ಮದುವೆಯೂ ಆಗಿದೆ, ಹೋಗಿಯೂ ಇದ್ದೇನೆ. "ಅದನ್ನ ಒತ್ರಿ," ಎಂದೆ.

ಅಕ್ಕ ಹೆಬ್ಬೆಟ್ಟು ಇಟ್ಟಳು. ಯಂತ್ರ ಒಪ್ಪಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ಒಪ್ಪಲಿಲ್ಲ. ರೊಟ್ಟಿ ಬಡಿದು, ಸಗಣಿ ಬಳಿದು ಸವೆದ ಬೆರಳು. ಆಪರೇಷನ್ನಿಗೆ ಇನ್ನು ಐದೇ ದಿನ!

"ಮಿಷನ್ನಿಗೂ ಮನಸಿಲ್ಲ," ಎಂದಳು ಅಕ್ಕ, ನನ್ನ ಕಡೆ ನೋಡದೆ. ಆಮೇಲೆ ಕಂಪ್ಯೂಟರಿಗೇ ಹೇಳುವವಳ ಹಾಗೆ ಹೇಳಿದಳು, "ಅವ್ವ ಸತ್ತಾಗ ಅಕಿ ಹೆಸರು ತಗಸಾಕ ಇಲ್ಲೇ ಬಂದಿದ್ದೆ. ತಮ್ಮಂದೂ ತಗಸ್ರಿ, ಪಗಾರ ಐತಿ ಅಂದ್ರು. ಇದ್ದವನ ಹೆಸರು ಹೆಂಗ ಅಳಸೂದು? ಅವ್ವಂದ ಅಳಿಸಿದ ದಿನ ನಿಂದೂ ಅಳಸ್ಬೇಕಾಗಿತ್ತೇನು? ಸುಮ್ನ ಎದ್ದ ಬಂದೆ. ನಿನ್ನ ಪಾಲಿಂದು ನಿನಗ ಕಳಸಿದೆ. ನಾ ಒಂದ ಕಾಳ ಇಟಗೊಂಡಿಲ್ಲ."

ತಪ್ಪು ತಪ್ಪೇ. ಆ ಅಕ್ಕಿ ಬೇರೆ ಯಾರದೋ ಮನೆಗೆ ಹೋಗಬೇಕಿತ್ತು. ಅದನ್ನು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಜೀವನದಲ್ಲಿ ಮೊದಲ ಬಾರಿ ಭಾಷಣ ಮಾಡದೆ ಬಿಟ್ಟೆ.

ಐದನೆಯ ಸಲ, ನಡುಬೆರಳಿಗೆ ಯಂತ್ರ ಒಪ್ಪಿತು. ಸಂಜೆಗೆ ಸಂದೇಶ ಬಂತು. ಕಾರ್ಡು ಚಾಲೂ. ಸದಸ್ಯರು ಇಬ್ಬರು. ಭಾವ ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜಗಲಿಯ ಮೇಲೆ ಇಟ್ಟು ಕೈ ಮುಗಿದ. ನಾನು ದೊಡ್ಡ ಉಸಿರು ಬಿಟ್ಟು ಬಸ್ಸಿಗೆ ಹೊರಟೆ.

"ನಿಂದ್ರು," ಎಂದಳು ಅಕ್ಕ. "ಮದವಿ ಆಗಿ ಹೋಗಾಕಿನ್ನ ಹಂಗ ಕಳಸಬಾರದು. ಅಂಗಿ ಚುಂಗ ಹಿಡಿ."

"ಏ ಬೇ, ಹುಚ್ಚ ಹಿಡದೈತೇನು?"

"ಹಿಡಿ ಅಂದ್ರ ಹಿಡಿ."

ಹಿಡಿದೆ. ಅವಳು ಹೇಳಿದರೆ ಮಾಡುವ ರೋಗ ನನಗೆ ಇನ್ನೂ ಹೋಗಿಲ್ಲ. ಮೊರದ ತುಂಬ ಅಕ್ಕಿ ತಂದು, ಮಡಿಲಿನಂತೆ ಹಿಡಿದ ನನ್ನ ಬಿಳಿ ಅಂಗಿಯ ಚುಂಗಿನಲ್ಲಿ ಐದು ಹಿಡಿ ಹಾಕಿದಳು. ಮೇಲೆ ಬೆಲ್ಲದ ತುಂಡು, ಉತ್ತತ್ತಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲು. ಪಕ್ಕಾ ಹೆಣ್ಣುಮಗಳಿಗೆ ತುಂಬುವ ಉಡಿ! ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಿದ್ದರು. ಭಾವ ಕಿಬ್ಬೊಟ್ಟೆ ಹಿಡಿದುಕೊಂಡು, "ನಗಸಬ್ಯಾಡ್ರೇ, ನೋಯಿತೈತಿ," ಎಂದು ಒದ್ದಾಡುತ್ತಿದ್ದ.

ಅಕ್ಕ ನನ್ನ ಹಣೆಗೆ ಕುಂಕುಮ ಒತ್ತಿ ಹೇಳಿದಳು, "ನಾಗರ ಪಂಚಮಿಗೆ ತವರಿಗೆ ಕರಿಯಾಕ ನಿಮ್ಮ ಭಾವನ್ನ ಕಳಸ್ತೇನಿ. ಅಲ್ಲೀತನಕ ಗಂಡನ ಮನ್ಯಾಗ ಚಂದಾಗಿ ಬಾಳೇ ಮಾಡು. ಯಾರ ಮ್ಯಾಲೂ ಅರ್ಜಿ ಬರೀಬ್ಯಾಡ."

ತವರು ಬಿಟ್ಟು ಹೊರಡುವ ಹೆಣ್ಣುಮಕ್ಕಳು ಹೊಸ್ತಿಲು ದಾಟುವಾಗ ಅಳುವುದು ನಮ್ಮ ಕಡೆಯ ಪದ್ಧತಿ. ಯಾರಿಗೂ ಹೇಳಬೇಡಿ: ಆ ಪದ್ಧತಿಯನ್ನೂ ನಾನು ತಪ್ಪಿಸಲಿಲ್ಲ!