ಆಪರೇಷನ್ನಿಗೆ ಗಟ್ಟಿಯಾಗಲು ನಡೆದದ್ದು

ನಮ್ಮ ಮನೆಗೆ ಸಂಕಟ ಯಾವತ್ತೂ ಒಂಟಿಯಾಗಿ ಬಂದದ್ದಿಲ್ಲ; ಹಿಂದೆಯೇ ಒಂದು ನಗೆಪಾಟಲನ್ನೂ ಕರೆತರುತ್ತದೆ. ಮದುವೆ, ಮುಂಜಿ, ಹೆರಿಗೆ, ಸಾವು ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವುದು ಕಾಲೇಜು ದಿನಗಳಿಂದ ನನ್ನ ಅಭ್ಯಾಸ. ಈ ನಗೆಪಾಟಲುಗಳನ್ನು ಮಾತ್ರ ಬರೆದಿರಲಿಲ್ಲ. ತಂಗಿ ಇರುವವರೆಗೂ ಇಬ್ಬರೂ ಹೇಳಿಕೊಂಡೇ ನಗುತ್ತಿದ್ದೆವು. ಈಗ ಅವಳಿಲ್ಲ; ಬರೆಯಲೇಬೇಕು.

ಅವಳಿಗೆ ಹೊಟ್ಟೆಯ ಕ್ಯಾನ್ಸರ್. ಡಾಕ್ಟರ್ ಅವಳ ಕಡ್ಡಿಯಂಥ ಕೈ ನೋಡಿ, "ಮೈಯಲ್ಲಿ ತ್ರಾಣ ಇಲ್ದೆ ಆಪರೇಷನ್ ಮಾಡಕ್ಕಾಗಲ್ಲಮ್ಮ. ಕೆಲವು ವಾರ ನಡೀರಿ, ಮೆಟ್ಟಿಲು ಹತ್ತಿ, ಚೆನ್ನಾಗಿ ತಿನ್ನಿ. ಗಟ್ಟಿಯಾದ್ರೆ ಮಾಡೋಣ" ಎಂದರು. ಆಗದಿದ್ದರೆ ಏನು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವಳನ್ನು ಜಯನಗರದ ನನ್ನ ಮನೆಗೆ ಕರೆತಂದೆ.

ಪೇಷಂಟ್ ಎಲ್ಲಿ?

ಚಿಕ್ಕಲಸಂದ್ರದಿಂದ, ತಂಗಿಯನ್ನು ನೋಡಿ ವರ್ಷಗಳೇ ಆಗಿದ್ದ ನನ್ನ ಓರಗಿತ್ತಿ ಬ್ರೆಡ್ಡು, ಮೋಸಂಬಿ ಹಿಡಿದು ನೋಡಲು ಬಂದಳು. ತಂಗಿ ಆಗತಾನೆ ಪಾರ್ಕಿನಿಂದ ಬಂದು ಬೂಟು ಬಿಚ್ಚುತ್ತಿದ್ದಳು.

"ಪೇಷಂಟ್ ಎಲ್ಲಿ?"

"ನಾನೇ ಅಕ್ಕ."

ಓರಗಿತ್ತಿಯ ಮುಖ ಸಪ್ಪಗಾಯಿತು. ಕಾಯಿಲೆಯವರು ಮಲಗಿರಬೇಕು, ಬಂದವರು ಪಕ್ಕದಲ್ಲಿ ಕೂತು ಕೈ ಸವರಬೇಕು. ಇಲ್ಲದಿದ್ದರೆ ಬ್ರೆಡ್ಡು ಕೊಡುವುದು ಹೇಗೆ? ತಂಗಿಗೆ ಪಾಪ ಅನ್ನಿಸಿತು. ಒಳಗೆ ಹೋಗಿ ಕುತ್ತಿಗೆವರೆಗೂ ಹೊದ್ದು ಮಲಗಿ, ಎರಡು ಸಲ ಕೆಮ್ಮಿದಳು. ಓರಗಿತ್ತಿ ಮನಸಾರೆ ಅತ್ತು, ಕಾಫಿ ಕುಡಿದು, "ಎದ್ದೇಳಬೇಡ ಕಣಮ್ಮ, ರೆಸ್ಟ್ ಮಾಡು" ಎಂದು ಹೊರಟಳು. ಆದರೆ ಅವಳಿಗೆ ಮಂಡಿ ನೋವು. ಕೊನೆಗೆ ಪೇಷಂಟೇ ಬೂಟು ಹಾಕಿಕೊಂಡು, ಅವಳ ಚೀಲ ಹೊತ್ತು, ಬಸ್ಸು ಹತ್ತಿಸಿ ಬಂದಳು.

ಹರಕೆ

ಮಳೆ ಬಂದು ಪಾರ್ಕು ಜಾರುತ್ತಿದ್ದರಿಂದ ನಡಿಗೆಯನ್ನು ದೇವಸ್ಥಾನದ ಪ್ರಾಕಾರಕ್ಕೆ ಬದಲಾಯಿಸಿದೆವು. ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟಂತೆ ಮೂಗಿನಲ್ಲಿ ಉಸಿರೆಳೆದು, ಬಾಯಿ ಚೂಪು ಮಾಡಿ "ಫೂ" ಎಂದು ಬಿಡುತ್ತಾ ತಂಗಿ ಬಿರಬಿರನೆ ಸುತ್ತುತ್ತಿದ್ದಳು.

ಒಬ್ಬ ಆಂಟಿ ತಡೆದು ಕೇಳಿದರು. "ಇದ್ಯಾವ ಹರಕೆ ರೀ?"

"ಡಾಕ್ಟ್ರು ಹೇಳಿರೋದು."

"ಫಲ ಬೇಗ ಸಿಗತ್ತಾ?"

"ಬೇಗ ಸಿಗ್ಲಿ ಅಂತಾನೇ ಓಡ್ತಿರೋದು ಮೇಡಂ."

ಮರುದಿನ ನಮ್ಮ ಹಿಂದೆ ಆರೇಳು ಹೆಂಗಸರು. ಎಲ್ಲರೂ ಫೂ, ಫೂ. ಮೂರನೇ ಸುತ್ತಿಗೆ ನವಗ್ರಹದ ಹತ್ತಿರದಿಂದ ಅರ್ಚಕರು ಕೈಮುಗಿದು ಓಡಿ ಬಂದರು. "ಅಮ್ಮಾ, ಶನೀಶ್ವರನ ದೀಪ ಎಲ್ಲಾ ಆರ್ತಿದೆ! ಅವನ ಮುಂದೆ ಮಾತ್ರ ಬಾಯಿ ಮುಚ್ಕೊಂಡು ಹೋಗಿ!"

ಉಪ್ಪಿಟ್ಟು

ಒಂದು ಬೆಳಗ್ಗೆ ತಂಗಿ ಪಾರ್ಕಿನ ಬೆಂಚಿನಲ್ಲಿ ಕುಸಿದು ಕೂತಳು. "ಇವತ್ತು ಬೇಡ ಅಕ್ಕ. ನಡೆದುಬಿಟ್ರೆ ಬದುಕ್ತೀನಾ? ನೀನು ಓದಿದೋಳು, ಹೇಳು."

ಊರಿಗೆಲ್ಲ ಬುದ್ಧಿ ಹೇಳುವ ನಾನು ಅವಳ ಕೈ ಹಿಡಿದು ಕೂತೆ. ಅದೆಷ್ಟು ಹಗುರವಾಗಿತ್ತು! ಏನಾದರೂ ಹೇಳಬೇಕೆಂದು, "ಬಾ, ಮನೇಲಿ ಉಪ್ಪಿಟ್ಟು ಮಾಡಿಟ್ಟಿದೀನಿ" ಎಂದೆ.

ಅವಳು ತಟ್ಟನೆ ಎದ್ದಳು. "ನಿನ್ನ ಕಾಂಕ್ರೀಟ್ ತಿನ್ನೋದಕ್ಕಿಂತ ಇನ್ನೊಂದು ಸುತ್ತು ಹಾಕೋದೇ ವಾಸಿ."

ಅವಳ ಹಿಂದೆ ನಾನು ಕಣ್ಣೊರೆಸಿಕೊಳ್ಳುತ್ತಾ ನಡೆದೆ. ಆಮೇಲೆ ಅವಳು ಮಂಕಾದಾಗಲೆಲ್ಲ ರವೆ ಡಬ್ಬ ತೆಗೆದು ತೋರಿಸುತ್ತಿದ್ದೆ.

ಗಾಲಿಕುರ್ಚಿ

ಕೊನೆಗೆ ಡಾಕ್ಟರ್ ಅವಳನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿ ನೋಡಿ, "ಆಗಬಹುದು" ಎಂದರು.

ಆಪರೇಷನ್ ದಿನ ಅವಳು ಖಾಲಿ ಹೊಟ್ಟೆಯಲ್ಲಿರಬೇಕಿತ್ತು. ತಂಗಿ ಉಪವಾಸವಿರುವಾಗ ಅಕ್ಕ ತಿನ್ನುವುದುಂಟೇ? ನಾನೂ ಹಿಂದಿನ ಮಧ್ಯಾಹ್ನದಿಂದ ನೀರು ಸಹ ಮುಟ್ಟಿರಲಿಲ್ಲ. ಕರೆದೊಯ್ಯಲು ಗಾಲಿಕುರ್ಚಿ ಬಂತು. ಅದನ್ನು ಕಂಡದ್ದೇ ನನಗೆ ಕಣ್ಣು ಕತ್ತಲೆ ಬಂತು. ತಂಗಿ ನನ್ನ ರಟ್ಟೆ ಹಿಡಿದು ಅದರಲ್ಲೇ ಕೂರಿಸಿದಳು. ಕರೆಯಲು ಬಂದವನು, "ಆಂಟಿ, ಅದು ಪೇಷಂಟಿಗೆ!" ಎನ್ನುವಷ್ಟರಲ್ಲಿ ತಾನೇ ತಳ್ಳಿಕೊಂಡು ಹೊರಟೂ ಬಿಟ್ಟಳು.

ಥಿಯೇಟರ್ ಬಾಗಿಲಲ್ಲಿ ನರ್ಸ್ ಕಕ್ಕಾಬಿಕ್ಕಿ. ಆಸ್ಪತ್ರೆಯ ನಿಲುವಂಗಿ ತೊಟ್ಟವಳು ತಳ್ಳುತ್ತಿದ್ದಾಳೆ, ರೇಷ್ಮೆ ಸೀರೆಯವಳು ಕೂತು ತಲೆ ತೂಗಿಸುತ್ತಿದ್ದಾಳೆ.

"ಆಪರೇಷನ್ ಯಾರಿಗೆ?"

ತಂಗಿ ನೆಟ್ಟಗೆ ನಿಂತಳು. "ಗಟ್ಟಿ ಇದ್ದೋರಿಗೆ ಅಂದಿದಾರಲ್ಲ ಡಾಕ್ಟ್ರು. ಗಟ್ಟಿ ಇರೋಳು ನಾನು. ಇವಳಿಗೆ ತಿನ್ನೋಕೆ ಏನಾದ್ರೂ ಕೊಡಿ ಸಿಸ್ಟರ್, ಬಿದ್ದುಹೋಗ್ತಾಳೆ."

ನಗುತ್ತಲೇ, ತನ್ನ ಕಾಲ ಮೇಲೆ ನಡೆದು ಒಳಗೆ ಹೋದಳು. ಬಾಗಿಲು ಮುಚ್ಚಿತು. ಆ ನಡಿಗೆ ನಮಗೆ ಇನ್ನೆರಡು ಯುಗಾದಿಗಳನ್ನು ಕೊಟ್ಟಿತು. ಆಮೇಲೆ ಕಾಯಿಲೆ ಮರಳಿ ಬಂತು. ಆದರೆ ಅವತ್ತು ಅದೊಂದೂ ಗೊತ್ತಿಲ್ಲದೆ ನಾನು ಗಾಲಿಕುರ್ಚಿಯಲ್ಲಿ ಬಾಗಿಲು ನೋಡುತ್ತಾ ಕೂತಿದ್ದೆ. ನರ್ಸ್ ಕ್ಯಾಂಟೀನಿನಿಂದ ಬಿಸಿಬಿಸಿ ತಟ್ಟೆ ತರಿಸಿ ಕೈಗಿತ್ತಳು.

ಉಪ್ಪಿಟ್ಟು. ಅಳುತ್ತಾ ಅಷ್ಟನ್ನೂ ತಿಂದೆ. ಅದೂ ಕಾಂಕ್ರೀಟೇ.